ಬೆಟ್ಟ ಹತ್ತೋಕೆ ಹಗುರ ಸೈಕಲ್: ಒಂದು ಕೆ.ಜಿ. ಇಳಿಸಿದರೆ ಎಷ್ಟು ಸೆಕೆಂಡು ಉಳಿಯುತ್ತೆ? ಲಕ್ಷ ಸುರಿಯುವ ಮೊದಲು ಈ ಲೆಕ್ಕ ನೋಡಿ

ತೆಲಿಗಿ (ಹರಪನಹಳ್ಳಿ ತಾ.): ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಹೋದ ತಿಂಗಳು ನನ್ನನ್ನು ಕರೆದು ಚಹಾ ಕುಡಿಸಿದರು. ಮಗ ದ್ವಿತೀಯ ಪಿಯುಸಿ. ದಿನಾ ಬೆಳಿಗ್ಗೆ ಐದಕ್ಕೇ ಎದ್ದು ಸೈಕಲ್ ತುಳಿಯುತ್ತಾನೆ. ನಂದಿ ಬೆಟ್ಟದಲ್ಲಿ ಬೆಂಗಳೂರಿನ ಕ್ಲಬ್‌ಗಳು ನಡೆಸುವ ಹತ್ತುವ ರೇಸ್‌ಗಳ ವಿಡಿಯೊ ನೋಡಿ ಅವನಿಗೂ ಆಸೆ ಹತ್ತಿದೆ. 'ಅಪ್ಪಾ, ನನ್ನ ಸೈಕಲ್ ಭಾರ ಐತಿ, ಏಳು ಕೆ.ಜಿ.ದು ಕಾರ್ಬನ್ ಸೈಕಲ್ ಬೇಕು' ಅಂತ ಹಟ ಹಿಡಿದಿದ್ದಾನೆ. ಬೆಲೆ ಒಂದೂವರೆ ಲಕ್ಷ.

'ಏನಪಾ ತಮ್ಮ, ನೀನು ಊರೂರು ತಿರುಗೋನು. ಇಷ್ಟು ರೊಕ್ಕ ಹಾಕಿದ್ರ ಹುಡುಗ ಗೆದ್ದಾನಾ?' ಅಂತ ಕೇಳಿದರು. ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ಕೈಗಡ ತರೋಕೆ ಆಗಲೇ ಒಬ್ಬರ ಹತ್ತಿರ ಮಾತಾಡಿದ್ದರಂತೆ. ಅಂದರೆ ತಿಂಗಳಿಗೆ ಬರೀ ಬಡ್ಡಿಯೇ 4,500 ರೂಪಾಯಿ, ವರ್ಷಕ್ಕೆ 54 ಸಾವಿರ. ಮೆಕ್ಕೆಜೋಳದ ಲೆಕ್ಕದಲ್ಲಿ ಹೇಳಬೇಕೆಂದರೆ, 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ಪೂರ್ತಿ ಸಿಕ್ಕರೂ ಅರವತ್ತೆರಡೂವರೆ ಕ್ವಿಂಟಾಲ್ ಮಾರಿದರೆ ಆ ಸೈಕಲ್. ಆ ಬೆಲೆ ಕೈಗೆ ಸಿಗೋದು ಎಷ್ಟು ಕಷ್ಟ ಅಂತ ನಮ್ಮ ಓದುಗರಿಗೆ ನಾನು ಹೇಳಬೇಕಿಲ್ಲ.

ಅವರಿಗೆ ಅವತ್ತೇ ಉತ್ತರ ಕೊಡೋಕೆ ಆಗಲಿಲ್ಲ. ಮೂರು ವಾರ ಲೆಕ್ಕ ಹಾಕಿ, ಮೆಕ್ಯಾನಿಕ್‌ಗಳ ಹತ್ತಿರ ಕೂತು, ಹುಡುಗನ ಸೈಕಲನ್ನೇ ಬಿಚ್ಚಿ ತೂಗಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮನೆಯವರ ಕೋರಿಕೆ ಮೇರೆಗೆ ಹೆಸರು, ಊರು ಹಾಕಿಲ್ಲ. ಮಕ್ಕಳು ಸೈಕಲ್ ಕೇಳುತ್ತಿರುವ ಎಲ್ಲ ಮನೆಗೂ, ಸೈಕಲ್ ಅಂಗಡಿ ಇಟ್ಟವರಿಗೂ ಇದು ಉಪಯೋಗಕ್ಕೆ ಬರಬಹುದು.

ಬೆಟ್ಟದಲ್ಲಿ ತೂಕ ಯಾಕೆ ಮುಖ್ಯ?

ಸಪಾಟು ರಸ್ತೆಯಲ್ಲಿ ಸೈಕಲ್ ತುಳಿಯುವಾಗ ನಮ್ಮನ್ನು ಹಿಂದಕ್ಕೆ ಎಳೆಯೋದು ಮುಖ್ಯವಾಗಿ ಗಾಳಿ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಜಾಸ್ತಿ. ಅಲ್ಲಿ ಸೈಕಲ್ ತೂಕಕ್ಕೆ ಅಷ್ಟು ಬೆಲೆ ಇಲ್ಲ. ಏರು ಬಂತು ಅಂದರೆ ಕಥೆ ಉಲ್ಟಾ. ವೇಗ ಗಂಟೆಗೆ 12-15 ಕಿ.ಮೀ.ಗೆ ಇಳಿಯುತ್ತೆ, ಗಾಳಿ ಹೆಚ್ಚು ಕಾಡೋದಿಲ್ಲ. ಆದರೆ ನಮ್ಮ ಮೈ, ಸೈಕಲ್, ನೀರಿನ ಬಾಟಲಿ ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಬಾವಿಯಿಂದ ಕೊಡ ಸೇದಿದ ಹಾಗೇ ಅನ್ನಿ. ಕೊಡ ಭಾರ ಆದಷ್ಟೂ, ಬಾವಿ ಆಳ ಆದಷ್ಟೂ ಹೊತ್ತು ಹಿಡಿಯುತ್ತೆ.

ಸೇದುವವರ ತಾಕತ್ತನ್ನು ಸೈಕ್ಲಿಂಗ್‌ನಲ್ಲಿ ವಾಟ್ ಲೆಕ್ಕದಲ್ಲಿ ಅಳೆಯುತ್ತಾರೆ. 200 ವಾಟ್ ಅಂದರೆ 20 ಕೆ.ಜಿ. ತೂಕವನ್ನು ಪ್ರತಿ ಸೆಕೆಂಡಿಗೆ ಒಂದು ಮೀಟರ್ ಮೇಲೆತ್ತುವ ತಾಕತ್ತು. 60 ಕೆ.ಜಿ. ಮೈತೂಕದ, ಚೆನ್ನಾಗಿ ಅಭ್ಯಾಸ ಮಾಡಿದ ಹುಡುಗ ಅರ್ಧ ಗಂಟೆ ಬಿಡದೆ 200 ವಾಟ್ ತುಳಿಯಬಲ್ಲ.

ಇಷ್ಟು ಗೊತ್ತಾದರೆ ಸಾಕು, ಲೆಕ್ಕ ಅಂಗಡಿ ಚೀಟಿ ಮೇಲೇ ಹಾಕಬಹುದು:

ಇಳಿಸಿದ ಕೆ.ಜಿ. × ಬೆಟ್ಟದ ಎತ್ತರ (ಮೀಟರ್‌ನಲ್ಲಿ) ÷ 20 = ಉಳಿಯುವ ಸೆಕೆಂಡು.

ಒಂದು ಉದಾಹರಣೆ. 8 ಕಿ.ಮೀ. ಉದ್ದದ, ಸರಾಸರಿ ಶೇ 6 ಏರಿನ ಬೆಟ್ಟ ಅಂದುಕೊಳ್ಳಿ. ಶೇ 6 ಅಂದರೆ 100 ಮೀಟರ್ ಮುಂದೆ ಹೋದರೆ 6 ಮೀಟರ್ ಮೇಲೆ. ಒಟ್ಟು ಎತ್ತರ 480 ಮೀಟರ್. ನಂದಿ ಬೆಟ್ಟದ ರಸ್ತೆ ಹೆಚ್ಚೂಕಮ್ಮಿ ಇದೇ ಜಾತಿಯದು. 10 ಕೆ.ಜಿ. ಸೈಕಲ್ ಬಿಟ್ಟು 7 ಕೆ.ಜಿ.ದು ತಗೊಂಡರೆ ಇಳಿದದ್ದು 3 ಕೆ.ಜಿ. 3 × 480 ÷ 20 = 72 ಸೆಕೆಂಡು. ಗಾಳಿ, ಟೈರ್ ತಿಕ್ಕಾಟ ಸೇರಿಸಿ ಪೂರ್ತಿ ಲೆಕ್ಕ ಹಾಕಿದರೆ 66 ಸೆಕೆಂಡಿನ ಹತ್ತಿರ ಬರುತ್ತೆ. ಅಂದರೆ 10 ಕೆ.ಜಿ. ಸೈಕಲ್‌ನಲ್ಲಿ 32 ನಿಮಿಷ 45 ಸೆಕೆಂಡು ಹಿಡಿದರೆ, 7 ಕೆ.ಜಿ. ಸೈಕಲ್‌ನಲ್ಲಿ 31 ನಿಮಿಷ 40 ಸೆಕೆಂಡು. ಒಂದು ಕೆ.ಜಿ.ಗೆ ಸುಮಾರು 22 ಸೆಕೆಂಡು.

ಅದೇ 3 ಕೆ.ಜಿ. ವ್ಯತ್ಯಾಸ 20 ಕಿ.ಮೀ. ಸಪಾಟು ರಸ್ತೆಯಲ್ಲಿ ಎಷ್ಟು ಉಳಿಸುತ್ತೆ ಗೊತ್ತಾ? ಐದಾರು ಸೆಕೆಂಡು ಮಾತ್ರ. ಹಂಗಾಗಿ ಹರಪನಹಳ್ಳಿಗೆ ಕಾಲೇಜಿಗೆ ಹೋಗಿ ಬರೋಕೆ ಕಾರ್ಬನ್ ಸೈಕಲ್ ಬೇಕು ಅಂತ ಯಾರಾದರೂ ಮಕ್ಕಳು ಹೇಳಿದರೆ ನಂಬಬೇಡಿ.

ಬೆಟ್ಟದ ರೇಸಿನಲ್ಲಿ 66 ಸೆಕೆಂಡು ಸಣ್ಣದಲ್ಲ. ಮೊದಲನೇ ಸ್ಥಾನಕ್ಕೂ ಹತ್ತನೇ ಸ್ಥಾನಕ್ಕೂ ನಡುವೆ ಅಷ್ಟೇ ಅಂತರ ಇರಬಹುದು. ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ. ಅದೇ 10 ಕೆ.ಜಿ. ಸೈಕಲ್ ಇಟ್ಟುಕೊಂಡು ತಾಕತ್ತನ್ನು 200 ವಾಟ್‌ನಿಂದ 210ಕ್ಕೆ ಏರಿಸಿಕೊಂಡರೆ ಉಳಿಯೋದು ಸುಮಾರು 80 ಸೆಕೆಂಡು. ಮೂರು ಕೆ.ಜಿ. ಇಳಿಸಿದ್ದಕ್ಕಿಂತ ಜಾಸ್ತಿ! ಅಭ್ಯಾಸ ಶುರು ಮಾಡಿ ಒಂದೆರಡು ವರ್ಷವೂ ಆಗದ ಹುಡುಗನಿಗೆ ಹತ್ತು ವಾಟ್ ಏರಿಸಿಕೊಳ್ಳೋದು ಕೆಲವು ತಿಂಗಳ ಸರಿಯಾದ ಅಭ್ಯಾಸದ ಮಾತು. ಅದಕ್ಕೆ ಯಾರೂ ಬಡ್ಡಿ ಕೇಳೋದಿಲ್ಲ.

ಹಳೇ ಸೈಕಲ್‌ನಿಂದ ಇಲ್ಲಿವರೆಗೆ

ನಾನು ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಸೈಕಲ್ ಪಡೆದವನು. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಹಳ್ಳಿಗಳ ಎಷ್ಟೋ ಹುಡುಗ-ಹುಡುಗಿಯರು ಹೈಸ್ಕೂಲು ಮುಗಿಸಿದರು. ಆ ಸೈಕಲ್ ಇನ್ನೂ ಮನೆಯಲ್ಲಿದೆ. ಮೆಕ್ಕೆಜೋಳ ವ್ಯಾಪಾರಿಯೊಬ್ಬರ ಎಲೆಕ್ಟ್ರಾನಿಕ್ ಕಾಟಾ ಮೇಲೆ ಇಟ್ಟಾಗ ಹತ್ತೊಂಬತ್ತು ಕೆ.ಜಿ. ದಾಟಿತು. ಮೂಟೆ ಹೊರೋಕೆ, ಕಚ್ಚಾ ರಸ್ತೆಯಲ್ಲಿ ಇಬ್ಬರನ್ನು ಕೂರಿಸಿಕೊಂಡು ಹೋಗೋಕೆ ಅಂಥ ಗಟ್ಟಿ ಉಕ್ಕಿನ ಸೈಕಲ್ಲೇ ಸರಿ. ಆದರೆ ಮೇಲಿನ ಬೆಟ್ಟವನ್ನು 20 ಕೆ.ಜಿ. ಸೈಕಲ್‌ನಲ್ಲಿ ಅದೇ 200 ವಾಟ್ ತುಳಿದು ಹತ್ತಿದರೆ 36 ನಿಮಿಷ 45 ಸೆಕೆಂಡು ಬೇಕು. 10 ಕೆ.ಜಿ.ದಕ್ಕಿಂತ ನಾಲ್ಕು ನಿಮಿಷ ಹೆಚ್ಚು.

ತೂಕಕ್ಕಿಂತ ದೊಡ್ಡ ತೊಂದರೆ ಅದರಲ್ಲಿ ಗೇರ್ ಇಲ್ಲದಿರೋದು. ಹಳೇ ಮಾದರಿ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ ಫ್ರೀವ್ಹೀಲ್‌ನಲ್ಲಿ 18 ಹಲ್ಲು. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಐದೂಕಾಲು ಮೀಟರ್‌ಗಿಂತ ಮುಂದೆ ಹೋಗುತ್ತೆ. ಏರಿನಲ್ಲಿ ನಿಮಿಷಕ್ಕೆ ನಲವತ್ತು ಸುತ್ತು ಮಾತ್ರ ತಿರುಗುತ್ತೆ, ಪ್ರತಿ ಸುತ್ತಿಗೂ ಮೊಣಕಾಲು ಮುರಿದು ತುಳಿಯಬೇಕು. ರೋಡ್ ಸೈಕಲ್‌ನಲ್ಲಿ ಮುಂದೆ 34, ಹಿಂದೆ 28 ಹಲ್ಲಿನ ಗೇರ್ ಹಾಕಿದರೆ ಒಂದು ಸುತ್ತಿಗೆ ಎರಡೂವರೆ ಮೀಟರ್. ಕಾಲು ನಿಮಿಷಕ್ಕೆ 90-95 ಸುತ್ತು ಸಲೀಸಾಗಿ ತಿರುಗುತ್ತೆ. ಶಕ್ತಿ ಅಷ್ಟೇ ಖರ್ಚಾದರೂ ಮೊಣಕಾಲಿಗೆ ಬೀಳುವ ಹೊಡೆತ ಅರ್ಧಕ್ಕಿಂತ ಕಡಿಮೆ. ಬೆಟ್ಟಕ್ಕೆ ಸೈಕಲ್ ಕೊಳ್ಳುವವರು ತೂಕ ಕೇಳುವ ಮೊದಲು ಗೇರಿನ ಹಲ್ಲು ಎಣಿಸಬೇಕು.

ಏಳು ಕೆ.ಜಿ. ಸೈಕಲ್ ಹೇಗೆ ಆಗುತ್ತೆ?

ಇದಕ್ಕೆ ಮಂತ್ರ ಏನಿಲ್ಲ. ಒಂದೊಂದು ಬಿಡಿಭಾಗವನ್ನೂ ಗ್ರಾಂ ತೂಕದ ಕಾಟಾ ಮೇಲಿಟ್ಟು ಚೀಟಿ ಬರೆಯೋದು. ಬೆಟ್ಟದ ರೇಸಿಗೆ ಜೋಡಿಸುವ ಒಂದು ಹಗುರ ಸೈಕಲ್‌ನ ಚೀಟಿ ಸುಮಾರು ಹೀಗಿರುತ್ತೆ:

- ಕಾರ್ಬನ್ ಫ್ರೇಮ್: 900 ಗ್ರಾಂ
- ಕಾರ್ಬನ್ ಫೋರ್ಕ್: 400
- ಎರಡು ಗಾಲಿ (ರಿಮ್, ಕಡ್ಡಿ, ಹಬ್ ಸೇರಿ): 1,400
- ಎರಡು ಟೈರ್, ಎರಡು ಟ್ಯೂಬ್: 500
- ಕ್ರ್ಯಾಂಕ್ ಸೆಟ್, ಬಾಟಮ್ ಬ್ರಾಕೆಟ್: 740
- ಗೇರ್-ಬ್ರೇಕ್ ಲಿವರ್ ಜೋಡಿ: 400
- ಮುಂದಿನ, ಹಿಂದಿನ ಡಿರೇಲರ್: 280
- ಕ್ಯಾಸೆಟ್: 300
- ಚೈನು: 250
- ಬ್ರೇಕ್ ಜೋಡಿ: 300
- ಹ್ಯಾಂಡಲ್, ಸ್ಟೆಮ್: 350
- ಸೀಟು, ಸೀಟ್ ಪೋಸ್ಟ್: 330
- ಪೆಡಲ್ ಜೋಡಿ: 250
- ಹೆಡ್‌ಸೆಟ್, ಕೇಬಲ್, ಟೇಪ್, ಬೋಲ್ಟುಗಳು: 350

ಒಟ್ಟು 6 ಕೆ.ಜಿ. 750 ಗ್ರಾಂ. ಇದರಲ್ಲಿ ಯಾವುದೂ ಭಯಂಕರ ಹಗುರದ ಸಾಮಾನಲ್ಲ. ಇದಕ್ಕಿಂತ ಕೆಳಗೆ ಹೋಗಬೇಕೆಂದರೆ ಮುಂದೆ ಒಂದೇ ಹಲ್ಲುಚಕ್ರ ಇಟ್ಟು ಮುಂದಿನ ಡಿರೇಲರ್ ತೆಗೆಯೋದು, ಟಿಪಿಯು ಅನ್ನೋ ಪ್ಲಾಸ್ಟಿಕ್ ಜಾತಿಯ ಟ್ಯೂಬ್ ಹಾಕೋದು (ಮಾಮೂಲಿ ರಬ್ಬರ್ ಟ್ಯೂಬ್ 100 ಗ್ರಾಂ ಇದ್ದರೆ ಇದು 40ರ ಆಸುಪಾಸು), ನೂರು ಚಿಲ್ಲರೆ ಗ್ರಾಂನ ಕಾರ್ಬನ್ ಸೀಟು, ಹ್ಯಾಂಡಲ್ ಟೇಪ್ ಬಿಚ್ಚೋದು, ಹೀಗೆ ಸಾಗುತ್ತೆ. ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ರಾಷ್ಟ್ರಮಟ್ಟದ ಬೆಟ್ಟ ಹತ್ತುವ ಚಾಂಪಿಯನ್‌ಶಿಪ್ ಇದೆ. ಕೆಲವೇ ನಿಮಿಷದ ರೇಸ್. ಅಲ್ಲಿ ಹ್ಯಾಂಡಲಿನ ತುದಿ ಕೊಯ್ದು ಗ್ರಾಂ ಇಳಿಸುವವರೂ ಇದ್ದಾರೆ.

ಹಗುರದ ಹುಚ್ಚು ಹೊಸದೇನಲ್ಲ. 1972ರ ಅಕ್ಟೋಬರ್ 25ರಂದು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದ ಟ್ರ್ಯಾಕ್‌ನಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ದಾಖಲೆ ಮಾಡಿದರು. ಇಟಲಿಯ ಅರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟಿದ್ದ ಆ ಉಕ್ಕಿನ ಸೈಕಲ್ ಆರು ಕೆ.ಜಿ.ಗಿಂತ ಕಡಿಮೆ ಇತ್ತು. ಚೈನಿನ ಕೊಂಡಿಗಳಿಗೂ ತೂತು ಕೊರೆಸಿ ತೂಕ ಇಳಿಸಿದ್ದರು. ಆದರೆ ಒಂದು ಮಾತು ನೆನಪಿಡಿ. ಅದು ಬ್ರೇಕೇ ಇಲ್ಲದ ಟ್ರ್ಯಾಕ್ ಸೈಕಲ್, ಒಂದು ಗಂಟೆಯ ಕೆಲಸಕ್ಕೆ ಮಾಡಿದ್ದು. ನಮ್ಮ ಗುಂಡಿ ರಸ್ತೆಗೆ ಮಾಡಿದ್ದಲ್ಲ.

6.8ರ ಗೆರೆ

ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2000ನೇ ಇಸವಿಯಿಂದ ಒಂದು ನಿಯಮ ಜಾರಿಯಲ್ಲಿಟ್ಟಿದೆ. ಅದರ ನಿಯಮದಂತೆ ನಡೆಯುವ ರೇಸಿನಲ್ಲಿ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಕೂಡದು. ಗ್ರಾಂ ಇಳಿಸುವ ಪೈಪೋಟಿಯಲ್ಲಿ ಜೀವಕ್ಕೆ ಕುತ್ತು ಬರಬಾರದು ಅನ್ನೋದು ಉದ್ದೇಶ. ಕಡಿಮೆ ಇದ್ದರೆ ಭಾರ ಸೇರಿಸಿ ಓಡಿಸಬೇಕು. ಹಂಗಾದ ಮೇಲೆ ಆರು ಕೆ.ಜಿ. ಸೈಕಲ್‌ಗೆ ಮತ್ತೊಂದು ಲಕ್ಷ ಸುರಿದು ಏನು ಬಂತು? ರೇಸಿಗೆ ಹೆಸರು ಕೊಡುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಯಾವ ನಿಯಮದ ಪ್ರಕಾರ ನಡೆಯುತ್ತೆ, ಯಾವ ಜಾತಿ ಸೈಕಲ್‌ಗೆ ಅವಕಾಶ, ಎಂಟಿಬಿ ಅಥವಾ ಹೈಬ್ರಿಡ್ ಸೈಕಲ್‌ಗೆ ಬೇರೆ ವಿಭಾಗ ಇದೆಯಾ. ಬೇರೆ ವಿಭಾಗ ಇದ್ದರೆ ಇರುವ ಸೈಕಲ್‌ನಲ್ಲೇ ಮೊದಲ ರೇಸ್ ಮುಗಿಸಬಹುದು.

ಹುಡುಗನ ಸೈಕಲ್ ಬಿಚ್ಚಿದೆವು

ಹುಡುಗನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್. ದಪ್ಪ ಟೈರ್, ಮುಂದೆ ಶಾಕ್ ಇರುವ ಎಂಟಿಬಿ. ಕಾಟಾ ಮೇಲೆ 15.8 ಕೆ.ಜಿ. ಬಂತು. ಮೊದಲು ಮೇಲಿನ ಲೆಕ್ಕ ನಿಜವೋ ಸುಳ್ಳೋ ನೋಡೋಣ ಅಂತ ಉಚ್ಚಂಗಿದುರ್ಗದ ಕಡೆಯ ಒಂದು ಏರು ಆರಿಸಿಕೊಂಡೆವು. ಒಂದು ಕಿ.ಮೀ. ಉದ್ದ, ಎತ್ತರ ಸುಮಾರು 50 ಮೀಟರ್. ಹುಡುಗ ಸುಧಾರಿಸಿಕೊಂಡು ಮೂರು ಸಲ ಹತ್ತಿದ. ಸರಾಸರಿ 4 ನಿಮಿಷ 23 ಸೆಕೆಂಡು. ಮರುದಿನ ಅದೇ ಹೊತ್ತಿಗೆ ಬೆನ್ನಿನ ಚೀಲದಲ್ಲಿ ಮೂರು ಲೀಟರ್ ನೀರು ಹೊತ್ತು ಮೂರು ಸಲ ಹತ್ತಿದ. 4 ನಿಮಿಷ 32. ಒಂಬತ್ತು ಸೆಕೆಂಡು ಜಾಸ್ತಿ. ಅವನ ತಾಕತ್ತು 180 ವಾಟ್ ಅಂತ ಹಿಡಿದು ಚೀಟಿಯಲ್ಲಿ 20ರ ಬದಲು 18ರಿಂದ ಭಾಗಿಸಿದ್ದೆ, ಎಂಟೂಕಾಲು ಬಂದಿತ್ತು. ಮೊಬೈಲ್ ಗಡಿಯಾರದ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದೇ ದೊಡ್ಡದು. ಈ ನೀರಿನ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಮೂರು ಕೆ.ಜಿ. ಹಗುರ ಸೈಕಲ್ ಎಷ್ಟು ಲಾಭ ಕೊಡುತ್ತೆ ಅಂತ ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಗುತ್ತೆ.

ಆಮೇಲೆ ಬಿಚ್ಚೋ ಕೆಲಸ.

ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡ್, ಬೀಗದ ಸರಪಳಿ ತೆಗೆದೆವು. 2.1 ಕೆ.ಜಿ. ಇಳಿಯಿತು. ಖರ್ಚು ಸೊನ್ನೆ.

ದಪ್ಪ ಹಲ್ಲಿನ ಟೈರ್ ತೆಗೆದು ನುಣುಪಾದ ಸಣ್ಣ ಟೈರ್, ತೆಳು ಟ್ಯೂಬ್ ಹಾಕಿದೆವು. 800 ಗ್ರಾಂ ಇಳಿಯಿತು. ಇಲ್ಲಿ ತೂಕಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಡಾಂಬರ್ ರಸ್ತೆಯಲ್ಲಿ ಹಲ್ಲಿನ ಟೈರ್ ತಿಕ್ಕಾಟಕ್ಕೆ ಶಕ್ತಿ ಸುಮ್ಮನೆ ಪೋಲಾಗುತ್ತೆ. ನುಣುಪು ಟೈರ್ ಹಾಕಿದರೆ ಏರಿನ ವೇಗದಲ್ಲೂ ಹತ್ತು ವಾಟ್‌ವರೆಗೆ ಉಳಿಯಬಹುದು. ಹತ್ತು ವಾಟ್ ಅಂದರೆ ಮೂರು ಕೆ.ಜಿ.ಗಿಂತ ಜಾಸ್ತಿ ಅಂತ ಆಗಲೇ ನೋಡಿದೆವಲ್ಲ.

ಶಾಕ್ ಫೋರ್ಕ್ ತೆಗೆದು ಮಾಮೂಲಿ ಫೋರ್ಕ್ ಹಾಕಿಸಿದೆವು. 1.2 ಕೆ.ಜಿ. ಇಳಿಯಿತು. ಇದನ್ನು ಮಾತ್ರ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಹೊಸ ಫೋರ್ಕಿನ ಉದ್ದ ಹಳೇದಕ್ಕೆ ಹೊಂದಬೇಕು, ಇಲ್ಲದಿದ್ದರೆ ಮುಂಭಾಗ ಕುಸಿದು ಇಳಿಜಾರಿನಲ್ಲಿ ಹ್ಯಾಂಡಲ್ ಅಲ್ಲಾಡುತ್ತೆ. ಬ್ರೇಕ್ ಕೂರುವ ಜಾಗವೂ ಅದೇ ಮಾದರಿಯದು ಇರಬೇಕು.

ದಪ್ಪ ಸ್ಪಂಜಿನ ಸೀಟು ಬದಲಿಸಿದ್ದಕ್ಕೆ 200 ಗ್ರಾಂ ಇಳಿಯಿತು.

ಕೊನೆಗೆ ಕಾಟಾ ಮೇಲೆ 11.5 ಕೆ.ಜಿ. ಒಟ್ಟು ಇಳಿದದ್ದು 4.3 ಕೆ.ಜಿ. ಖರ್ಚು ಐದು ಸಾವಿರದ ಒಳಗೆ. ಚೈನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಎಣ್ಣೆ ಬಿಟ್ಟೆವು. ಸೀಟು ತಗ್ಗಿತ್ತು. ಹಿಮ್ಮಡಿ ಪೆಡಲ್ ಮೇಲಿಟ್ಟು ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗುವಷ್ಟು ಏರಿಸಿದೆವು. ಅದೇ ಏರು, ಅದೇ ಹುಡುಗ: 4 ನಿಮಿಷ 2 ಸೆಕೆಂಡು. ಒಂದು ಕಿ.ಮೀ.ನಲ್ಲಿ 21 ಸೆಕೆಂಡು ಉಳಿಯಿತು. 480 ಮೀಟರ್ ಎತ್ತರದ ಬೆಟ್ಟಕ್ಕೆ ಇದನ್ನೇ ಹಿಗ್ಗಿಸಿದರೆ ಮೂರು ನಿಮಿಷದ ಮೇಲೆ.

ಇನ್ನೊಂದು ಕಂಡದ್ದು. ಈ ಹುಡುಗನೂ ಎಲ್ಲ ಹುಡುಗರ ಹಾಗೆ ದೊಡ್ಡ ಗೇರಿನಲ್ಲೇ ತುಳಿಯುತ್ತಿದ್ದ. ಸಣ್ಣ ಗೇರ್ ಹಾಕಿದರೆ ಗೆಳೆಯರು ನಗುತ್ತಾರಂತೆ. ಏರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬರೋದು, ನಿಮಿಷಕ್ಕೆ 75-90 ಸುತ್ತು ಬಿಡದೆ ತಿರುಗಿಸೋದು, ಮೊದಲ ಎರಡು ನಿಮಿಷ ಬೇಕಂತಲೇ ನಿಧಾನ ಹೋಗೋದು, ಈ ಮೂರನ್ನು ಕಲಿತರೆ ಬೆಟ್ಟದ ಅರ್ಧ ಪಾಠ ಮುಗಿದಂತೆ.

ಎಲ್ಲಿ ಕೈ ಹಾಕಬಾರದು

ಹತ್ತಿದವನು ಇಳಿಯಲೇಬೇಕು. ಮೈ, ಸೈಕಲ್ ಸೇರಿ 70 ಕೆ.ಜಿ. ತೂಕ 480 ಮೀಟರ್ ಕೆಳಗೆ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದರಲ್ಲಿ ಒಂದಿಷ್ಟು ಗಾಳಿಗೆ ಹೋಗುತ್ತೆ, ಉಳಿದದ್ದೆಲ್ಲ ಬ್ರೇಕ್ ಮತ್ತು ರಿಮ್ ಮೇಲೆ ಶಾಖವಾಗಿ ಬೀಳುತ್ತೆ. ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಅಗ್ಗದ ಕಾರ್ಬನ್ ರಿಮ್ ಆದರೆ ಮೆತ್ತಗಾಗಿ ಸೀಳಬಹುದು. ಅದಕ್ಕೆ ಕೆಲವು ಗಟ್ಟಿ ಮಾತು:

ಬ್ರೇಕಿನಲ್ಲಿ ಒಂದು ಗ್ರಾಂ ಕೂಡ ಇಳಿಸೋಕೆ ಹೋಗಬೇಡಿ. ಬ್ರೇಕ್ ಶೂ ಸವೆದಿದ್ದರೆ ಬೆಟ್ಟಕ್ಕೆ ಹೋಗೋದೇ ಬೇಡ. ತಿರುವಿನ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ.

ಡ್ರಿಲ್ಲಿಂಗ್ ಮಷಿನ್ ಹಿಡಿದು ಫ್ರೇಮ್, ಹ್ಯಾಂಡಲ್, ಸೀಟ್ ಪೋಸ್ಟ್, ಬ್ರೇಕ್ ಲಿವರ್‌ಗೆ ತೂತು ಹಾಕಬೇಡಿ. ಕಾಲೇಜು ಬಿಟ್ಟ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೆ. ವಿಡಿಯೊ ನೋಡಿ ಅಲ್ಯುಮಿನಿಯಂ ಸೀಟ್ ಪೋಸ್ಟ್‌ಗೆ ಆರು ತೂತು ಕೊರೆದೆ. ಇಳಿದದ್ದು ಹಿಡಿ ಕಡಲೆಬೀಜದ ತೂಕವೂ ಇಲ್ಲ. ಮೂರನೇ ವಾರ ಹಂಪ್ ಹಾರಿಸುವಾಗ ತೂತಿನ ಅಂಚಿನಿಂದ ಬಿರುಕು ಬಿಟ್ಟು ಮುರಿಯಿತು. ತೊಡೆಗೆ ಒಂಬತ್ತು ಹೊಲಿಗೆ. ಒತ್ತಡವೆಲ್ಲ ತೂತಿನ ಅಂಚಿಗೇ ಬಂದು ಸೇರುತ್ತೆ, ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಹರಿದ ಬಟ್ಟೆಯ ಅಂಚು ಹಿಡಿದು ಎಳೆದಂಗೆ.

ಆನ್‌ಲೈನ್‌ನಲ್ಲಿ ದೊಡ್ಡ ಬ್ರ್ಯಾಂಡಿನ ಹೆಸರು ಅಂಟಿಸಿ ಕಾಲು ಬೆಲೆಗೆ ಮಾರುವ ಕಾರ್ಬನ್ ಹ್ಯಾಂಡಲ್, ಫೋರ್ಕ್ ನಂಬಬೇಡಿ. ಉಕ್ಕು ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತೆ. ಕಾರ್ಬನ್ ಹಂಗಲ್ಲ, ಒಳಗೆ ಬಿರುಕಿದ್ದರೆ ಹೊರಗೆ ಕಾಣದೆ ಒಮ್ಮೆಲೇ ಮುರಿಯುತ್ತೆ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಫ್ರೇಮ್ ತಗೊಳ್ಳುವಾಗಲೂ ಬಿದ್ದ ಗುರುತು, ಮತ್ತೆ ಬಳಿದ ಬಣ್ಣ ಇದೆಯಾ ಅಂತ ಬೆಳಕಿನಲ್ಲಿ ನೋಡಿ.

ಹೆಲ್ಮೆಟ್ 250-300 ಗ್ರಾಂ. ಅದನ್ನು ಬಿಟ್ಟು ಹೋದರೆ ಉಳಿಯೋದು ಆರೇಳು ಸೆಕೆಂಡು. ಆ ಸೆಕೆಂಡು ಯಾರಿಗೂ ಬೇಡ.

ಅಂಗಡಿಯವರಿಗೆ ಎರಡು ಮಾತು

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಗ್ರಾಹಕರು ಬಿಲ್ಲಿನಲ್ಲಿ ಇದನ್ನು ನೋಡಿಕೊಳ್ಳಬೇಕು, ಅಂಗಡಿಯವರೂ ಹೇಳಿ ಮಾರಬೇಕು.

ನಮ್ಮ ತಾಲ್ಲೂಕಿನ ಸೈಕಲ್ ಅಂಗಡಿಗಳಿಗೆ ಈಗ ಪಂಕ್ಚರ್ ಕೆಲಸ ಕಡಿಮೆಯಾಗಿ ಗೇರ್ ಸೈಕಲ್ ರಿಪೇರಿ ಜಾಸ್ತಿ ಬರುತ್ತಿದೆ. ಗೇರ್ ಸೈಕಲ್, ಅದರಲ್ಲೂ ಅಲ್ಯುಮಿನಿಯಂ ಮತ್ತು ಕಾರ್ಬನ್ ಸಾಮಾನಿಗೆ ಟಾರ್ಕ್ ಪಾನಾ ಬೇಕೇ ಬೇಕು. ಕಾರ್ಬನ್ ಸೀಟ್ ಪೋಸ್ಟ್, ಹ್ಯಾಂಡಲ್ ಬೋಲ್ಟಿನ ಬಿಗಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಇರುತ್ತೆ, ಆ ಸಾಮಾನಿನ ಮೇಲೇ ಬರೆದಿರುತ್ತಾರೆ. 20 ಸೆಂ.ಮೀ. ಉದ್ದದ ಪಾನಾದ ತುದಿಗೆ ಎರಡೂವರೆ ಕೆ.ಜಿ. ಅಕ್ಕಿ ಚೀಲ ನೇತುಹಾಕಿದರೆ ಎಷ್ಟು ಬಿಗಿಯೋ ಅಷ್ಟೇ. ನಾವು ಅಂದಾಜಿನಲ್ಲಿ 'ಇನ್ನೊಂದು ಸುತ್ತು ಇರಲಿ' ಅಂತ ಕೊಡೋ ಎಳೆತ ಅದರ ಎರಡು-ಮೂರು ಪಟ್ಟು ಇರುತ್ತೆ. ಒಂದು ಟಾರ್ಕ್ ಪಾನಾ, ಒಂದು ನೇತುಹಾಕುವ ಡಿಜಿಟಲ್ ಕಾಟಾ ಇಟ್ಟುಕೊಂಡರೆ ಸುತ್ತಲಿನ ಹಳ್ಳಿಯ ಹುಡುಗರು ದಾವಣಗೆರೆಗೆ ಹೋಗೋದು ತಪ್ಪಿ ನಿಮ್ಮ ಹತ್ತಿರವೇ ಬರ್ತಾರೆ.

ಹಾಗಾದರೆ ಕಾರ್ಬನ್ ಸೈಕಲ್ ಯಾವಾಗ?

ನನ್ನ ತಿಳಿವಳಿಕೆ ಪ್ರಕಾರ ಕ್ರಮ ಹೀಗೆ. ಮೊದಲು ಅನಾವಶ್ಯಕ ಸಾಮಾನು ಬಿಚ್ಚಿ. ಎರಡನೇದು ಸೀಟಿನ ಎತ್ತರ, ಚೈನು, ಗಾಳಿ ಸರಿ ಮಾಡಿ. ಮೂರನೇದು ಟೈರ್. ನಾಲ್ಕನೇದು ಒಂದು ವರ್ಷ ಅಭ್ಯಾಸ, ಹೊಟ್ಟೆ ತುಂಬ ಊಟ, ನಿದ್ದೆ. ಬೆಳೆಯುವ ಹುಡುಗ ಸೈಕಲ್ ತೂಕ ಇಳಿಸಲಾಗದೆ ಉಪವಾಸ ಬಿದ್ದು ಮೈತೂಕ ಇಳಿಸಿದರೆ ತಾಕತ್ತೂ ಅದರ ಜೊತೆ ಇಳಿಯುತ್ತೆ, ಇದು ಬೇಡ. ಐದನೇದು 9-10 ಕೆ.ಜಿ. ತೂಕದ, ಸರಿಯಾದ ಗೇರ್ ಇರುವ ಅಲ್ಯುಮಿನಿಯಂ ರೋಡ್ ಸೈಕಲ್, ಒಳ್ಳೇ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಆದರೂ ಸರಿ. ಇಷ್ಟೆಲ್ಲ ಆಗಿ, ರೇಸಿನಲ್ಲಿ ಮುಂದಿನವನಿಗೂ ತನಗೂ ಒಂದು ನಿಮಿಷದ ಅಂತರ ಮಾತ್ರ ಉಳಿದಾಗ ಕಾರ್ಬನ್ ಸೈಕಲ್‌ನ 66 ಸೆಕೆಂಡಿಗೆ ಬೆಲೆ ಬರುತ್ತೆ.

ಅಷ್ಟು ದೂರ ಬಂದ ಹುಡುಗ-ಹುಡುಗಿಯರಿಗೆ ದಾರಿಯೂ ಇದೆ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ, ರೈತರ ಮನೆಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. ಅಲ್ಲಿನ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗ್ ತರಬೇತಿ ಇದೆ. ಅಲ್ಲಿನ ನೆಲ ನಮ್ಮದಕ್ಕಿಂತ ಸಪಾಟು, ಬಿಸಿಲು ನಮ್ಮದರಷ್ಟೇ. ಆಯ್ಕೆ ಯಾವಾಗ, ವಯಸ್ಸಿನ ಮಿತಿ ಎಷ್ಟು ಅಂತ ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಅಭ್ಯಾಸಕ್ಕೆ ದೊಡ್ಡ ಏರು ಬೇಕೆಂದರೆ ಚಿತ್ರದುರ್ಗದ ಜೋಗಿಮಟ್ಟಿ ಇದೆ. ಆದರೆ ಅದು ಅರಣ್ಯ ಇಲಾಖೆಯ ಜಾಗ, ಕೇಳಿಯೇ ಹೋಗಬೇಕು.

ಮೊನ್ನೆ ಈ ಲೆಕ್ಕದ ಚೀಟಿಯನ್ನೆಲ್ಲ ತಗೊಂಡು ಕಿರಾಣಿ ಅಂಗಡಿಗೆ ಹೋದೆ. ತಂದೆ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ವ್ಯಾಪಾರದವರಲ್ಲವೇ, ಗ್ರಾಂ ಲೆಕ್ಕ ನನಗಿಂತ ಚೆನ್ನಾಗಿ ಅರ್ಥ ಆಯಿತು. 'ಅಂದ್ರ ಐದು ಸಾವಿರದಾಗ ಮೂರು ನಿಮಿಷ ಬಂತು, ಒಂದೂವರೆ ಲಕ್ಷದಾಗ ಒಂದು ನಿಮಿಷ ಬರ್ತತಿ' ಅಂದರು. ಕೈಗಡದ ಮಾತು ಬಿಟ್ಟಿದ್ದಾರೆ.

ಹುಡುಗನ ಮುಖ ಅವತ್ತು ಸಪ್ಪಗಿತ್ತು. ಅವನ ಆಸೆ ತಪ್ಪಲ್ಲ. ತಂದೆ ಅವನಿಗೆ ಒಂದು ಷರತ್ತು ಹಾಕಿದ್ದಾರೆ: ಅದೇ ಏರನ್ನು ಇದೇ ಸೈಕಲ್‌ನಲ್ಲಿ 3 ನಿಮಿಷ 40 ಸೆಕೆಂಡಿಗೆ ಹತ್ತಿದ ದಿನ, ಸಾಲ ಇಲ್ಲದೆ, ಅಂಗಡಿಯ ಉಳಿತಾಯದಲ್ಲಿ ರೋಡ್ ಸೈಕಲ್ ಕೊಡಿಸ್ತಾರಂತೆ. ಇಬ್ಬರೂ ನನ್ನ ಎದುರೇ ಒಪ್ಪಿಕೊಂಡರು. ನಿನ್ನೆ ಬೆಳಿಗ್ಗೆ ಅವನು ಕಳಿಸಿದ ಮೆಸೇಜ್‌ನಲ್ಲಿ ಬರೀ ಒಂದು ಅಂಕಿ ಇತ್ತು: 3.57.